ಯಾರಿಗೂ ಸೊಪ್ಪು ಹಾಕದವಳ ತಲೆಗೆ ಸೊಪ್ಪು

ರೇಲೀನ್ ಟಾಪ್ಲಿಸ್ ಯಾರಿಗೂ ಸೊಪ್ಪು ಹಾಕಿದವಳಲ್ಲ. ಊರಿನ ಕೌನ್ಸಿಲಿಗೆ ಹಾಕಲಿಲ್ಲ, ಚರ್ಚಿನ ಪಾದ್ರಿಗೆ ಹಾಕಲಿಲ್ಲ, ಹವಾಮಾನದವರ ಮುನ್ಸೂಚನೆಯ ಮಾತಂತೂ ಎತ್ತಲೇಬೇಡಿ. ತಮಾಷೆಯೆಂದರೆ ಅಂಥವಳ ಕಸುಬು ಮಾತ್ರ ಸೊಪ್ಪಿನದೇ. ಪಡುವಣ ಗಾಳಿ ಎದ್ದು, ಕಡಲು ಹುಚ್ಚೆದ್ದು ಕುಣಿದು, ಗೂಳಿಸೊಪ್ಪೆಂಬ ಕಡಲಸೊಪ್ಪನ್ನು ಬುಡಸಮೇತ ಕಿತ್ತು ದಂಡೆಗೆ ಎಸೆದ ಮಾರನೆಯ ಬೆಳಿಗ್ಗೆ, ಮೆಲ್ಬರ್ನಿನ ತೆಂಕಣ ಕಡಲಿನ ಕಿಂಗ್ ದ್ವೀಪದಲ್ಲಿ ಎಲ್ಲರಿಗಿಂತ ಮೊದಲು ಮರಳಿಗಿಳಿಯುವ ಲಾರಿ ಅವಳದು. ಗೂಳಿಸೊಪ್ಪೆಂದರೆ ಸಾರಿಗೆ ಹಾಕುವ ಸೊಪ್ಪಲ್ಲ. ಎಲೆ ಎಮ್ಮೆಯ ಚರ್ಮದಷ್ಟು ದಪ್ಪ, ಕಾಂಡ ಗಂಡಸಿನ ತೋಳಿನಷ್ಟು. ಕಾಂಡಕ್ಕೆ ಹಗ್ಗ ಬಿಗಿದು ಲಾರಿಯ ರಾಟೆಗೆ ಕೊಟ್ಟು ಎಳೆಯಬೇಕು, ಕಂಬಗಳ ಮೇಲೆ ತಲೆಕೆಳಗಾಗಿ ನೇತುಹಾಕಿ ಒಣಗಿಸಬೇಕು. ಒಣಗಿ ಮರದಂತಾದ ಮೇಲೆ ಪುಡಿಮಾಡಿ ಹಡಗಿಗೆ ತುಂಬಿದರೆ ಅದು ಸ್ಕಾಟ್ಲೆಂಡಿಗೆ ಹೋಗುತ್ತದೆ. ಅಲ್ಲಿ ಅದರಿಂದ ಒಂದು ಬಗೆಯ ಅಂಟು ತೆಗೆಯುತ್ತಾರೆ. ಆ ಅಂಟು ಅಲ್ಲಿಂದಾಚೆ ಎಲ್ಲೆಲ್ಲಿಗೆ ಹೋಗುತ್ತದೆ ಎಂಬುದು ರೇಲೀನಳ ಪುರಾಣ.

ಆ ಪುರಾಣ ಕೇಳದೆ ದ್ವೀಪದಲ್ಲಿ ಒಂದು ಮದುವೆಯೂ ಮುಗಿದದ್ದಿಲ್ಲ. ಊಟದ ಕೊನೆಗೆ ಐಸ್‌ಕ್ರೀಮ್ ಬಂದೊಡನೆ ಅವಳು ಕನ್ನಡಕ ಹಾಕಿಕೊಂಡು ಡಬ್ಬಿಯನ್ನು ಮಗುಚಿ ಹಿಡಿಯುತ್ತಿದ್ದಳು. ಹಿಂಬದಿಯ ಇರುವೆಯಕ್ಷರದಲ್ಲಿ ಸೊಪ್ಪಿನಂಟಿನ ಗುರುತಾದ ನಾನೂರ ಒಂದು ಎಂಬ ಅಂಕಿ ಸಿಕ್ಕರೆ ಅದರ ಮೇಲೆ ಬೆರಳೊತ್ತಿ, ಮದುಮಗಳ ಕಡೆ ತಿರುಗಿ, "ನಂದು" ಎನ್ನುತ್ತಿದ್ದಳು. ಬಿಯರಿನ ನೊರೆ ನಿಂತರೆ ನಂದು. ಹಲ್ಲುಜ್ಜುವ ಪೇಸ್ಟು ಬ್ರಶ್ಶಿನಿಂದ ಜಾರದಿದ್ದರೆ ನಂದು. ಒಮ್ಮೆ ಹಲ್ಲಿನ ಡಾಕ್ಟರು ಅಚ್ಚು ತೆಗೆಯಲೆಂದು ಅವಳ ಬಾಯಿಗೆ ಗುಲಾಬಿ ಬಣ್ಣದ ಹಿಟ್ಟು ತುರುಕಿ, "ಅಲ್ಲಾಡ್ಬೇಡಿ, ಮಾತಾಡ್ಬೇಡಿ" ಎಂದಿದ್ದರು. ಆ ಹಿಟ್ಟೂ ಸೊಪ್ಪಿನಂಟಿನದೆಂದು ಗೊತ್ತಿದ್ದ ರೇಲೀನ್ ಸುಮ್ಮನಿರಲಾರದೆ ಎರಡಕ್ಷರ ಹೇಳಿಯೇಬಿಟ್ಟಳು. ಅಚ್ಚು ಮೂರು ಸಲ ಕೆಟ್ಟಿತು.

"ಅಲ್ಲ ರೇಲೀನ್, ಈ ದ್ವೀಪ ತೇಲ್ಕೊಂಡು ಹೋಗ್ದೆ ಇಲ್ಲೇ ನಿಂತಿರೋದೂ ನಿನ್ ಅಂಟಿಂದಾನಾ?" ಎಂದು ಪಬ್ಬಿನಲ್ಲಿ ಲಾಫ್ಟಿ ಕೆಣಕುತ್ತಿದ್ದ. ಲಾಫ್ಟಿ ಎಂದರೆ ಎತ್ತರದವನು. ಅವನು ಬಿಯರಿಗೆ ಕೈಚಾಚಲು ಕುರ್ಚಿಯ ಕಾಲ್ಮಣೆ ಹತ್ತಬೇಕಾಗುತ್ತಿದ್ದರಿಂದ ಊರವರು ಪ್ರೀತಿಯಿಂದ ಇಟ್ಟ ಹೆಸರು ಅದು. ಅವನೂ ಸೊಪ್ಪೆಳೆಯುವವನೇ, ಪಕ್ಕದ ದಂಡೆಯಲ್ಲಿ.

"ಇನ್ನೇನು ನಿನ್ ತೂಕಕ್ಕೆ ನಿಂತಿದ್ಯಾ?" ಎನ್ನುತ್ತಿದ್ದಳು ರೇಲೀನ್.

ಈ ಎಲ್ಲದರ ನಡುವೆ ಪಕ್ಕದಲ್ಲಿ ಸುಮ್ಮನೆ ಕುಳಿತಿರುತ್ತಿದ್ದವನು ಅವಳ ಗಂಡ ನೆವಿಲ್. ಎಲ್ಲರಿಗೂ ನೆವ್. ಹೆಸರು ನೆವ್ ಆದರೂ ನೆವ ಹೇಳಿ ಗೊತ್ತಿಲ್ಲದ ಮನುಷ್ಯ. ಬೇಲಿ ಹಾಕುವುದು ಅವನ ಕೆಲಸ. ಬೇಲಿ ಓರೆಯಾದರೆ "ಓರೆಯಾಯ್ತು" ಎಂದು ಕಿತ್ತು ಮತ್ತೆ ಹಾಕುತ್ತಿದ್ದನೇ ಹೊರತು ತಪ್ಪನ್ನು ನೆಲದ ಮೇಲೆ, ಗಾಳಿಯ ಮೇಲೆ ಹಾಕುತ್ತಿರಲಿಲ್ಲ. ಮಾತು ಕಡಿಮೆ. ಇಬ್ಬರ ಪಾಲಿನದನ್ನೂ ಅವಳೇ ಆಡಿ ಮುಗಿಸುತ್ತಿದ್ದುದರಿಂದ ಅವನಿಗೆ ಕೊರತೆಯೂ ಆಗಿರಲಿಲ್ಲ.

ಆದರೆ ಇಷ್ಟೆಲ್ಲ ಮಾತಾಡುವ ರೇಲೀನಳಿಗೂ ತನ್ನ ಬಗ್ಗೆ ಹೇಳಲು ಇದ್ದದ್ದು ದ್ವೀಪದ ಉಳಿದವರಿಗಿದ್ದ ಒಂದೇ ಮಾತು: ಪರವಾಗಿಲ್ಲ. ನಮ್ಮಲ್ಲಿ ಈ ಮಾತಿಲ್ಲದಿದ್ದರೆ ಊರಿಗೆ ಊರೇ ಮೂಕವಾಗುತ್ತಿತ್ತು. ಕೊಟ್ಟಿಗೆಯ ಮಾಡು ಹಾರಿ ಪಕ್ಕದ ಹೊಲಕ್ಕೆ ಬಿದ್ದರೂ ಪರವಾಗಿಲ್ಲ. ಸಾಕಿದ ಹೋರಿಗೆ ಜಾತ್ರೆಯಂಥ ಕೃಷಿ ಪ್ರದರ್ಶನದಲ್ಲಿ ಮೊದಲ ಬಹುಮಾನ ಬಂದರೂ ಪರವಾಗಿಲ್ಲ. ನೆವ್ ಒಂದು ಸಂಜೆ ಬೆವರಿಳಿಸಿಕೊಂಡು, "ಮದ್ವೆ ಆಗೋಣ್ವಾ?" ಎಂದು ಕೇಳಿದಾಗ ಅವಳು ಕಡಲ ಕಡೆ ನೋಡಿಕೊಂಡು ಹೇಳಿದ್ದೂ ಅದೇ. ಹೂಂ ಎಂದಳೋ ಊಹೂಂ ಎಂದಳೋ ತಿಳಿಯದೆ ಅವನು ಒಂದು ವಾರ ಒದ್ದಾಡಿದ್ದ. ಪಾದ್ರಿಯ ಬಳಿ ದಿನ ಗೊತ್ತುಮಾಡಿಕೊಂಡು ಬಂದವಳು ಅವಳೇ. ಮುಂದೊಮ್ಮೆ ರಾಟೆಗೆ ಸಿಕ್ಕಿ ಅವಳ ಕಿರುಬೆರಳಿನ ತುದಿ ಹೋಯಿತು. ಟವೆಲು ಸುತ್ತಿಕೊಂಡು ಮನೆಗೆ ಬಂದು, "ಪರವಾಗಿಲ್ಲ. ಟೀಗಿಡು" ಎಂದಳು. ಅವನು ಟೀಗಿಟ್ಟ. ಟವೆಲು ಕೆಂಪಾಗಿದ್ದು ಕಂಡದ್ದು ಆಮೇಲೆ.

ಹೀಗೆ ಹೊಡೆತ ತಿಂದು ತಿಂದು ನೆವ್ ಅವಳ ಪರವಾಗಿಲ್ಲಗಳನ್ನು ಕಲಿತ. ಚಿಕ್ಕದಾಗಿ, ಬೇಗ ಬಂದರೆ ನಿಜವಾಗಿಯೂ ಏನಿಲ್ಲ. ಎಳೆದು ಬಂದರೆ ಸಿಟ್ಟು. ನಡುವೆ ಉಸಿರು ನಿಂತು ಬಂದರೆ ಓಡಿಹೋಗಿ ಟವೆಲು ಬಿಚ್ಚಿ ನೋಡಬೇಕು. ಈ ವಿದ್ಯೆಯಲ್ಲಿ ದ್ವೀಪದಲ್ಲಿ ಅವನೊಬ್ಬನೇ ಪಂಡಿತ, ಅದೂ ಒಂದೇ ಪುಸ್ತಕದಲ್ಲಿ.

ಕಳೆದ ಚಳಿಗಾಲದಲ್ಲಿ ಹಗ್ಗ ತುಂಡಾಗಿ ಕೊಂಡಿಯು ರೇಲೀನಳ ಹಣೆಗೆ ಬಡಿಯಿತು. ಪರವಾಗಿಲ್ಲ ಎಂದಳು. ಉಸಿರು ನಿಂತು ಬಂದದ್ದು ಕೇಳಿ ನೆವ್ ನರ್ಸಿಗೆ ಫೋನು ಮಾಡಿದ. ವಿಮಾನದ ಡಾಕ್ಟರು ಬಂದು ಮೆಲ್ಬರ್ನಿನ ಆಸ್ಪತ್ರೆಗೆ ಸಾಗಿಸಿದರು. ಅಲ್ಲಿ ತಲೆಯ ಚಿತ್ರ ತೆಗೆದವಳು ಡಾಕ್ಟರ್ ಪಪ್ಪಸ್ ಎಂಬ ಗ್ರೀಕ್ ಮನೆತನದ ಹೆಣ್ಣುಮಗಳು. ಚಿಕ್ಕ ವಯಸ್ಸು, ಸ್ಪಷ್ಟ ಮಾತು.

"ಮಿಸೆಸ್ ಟಾಪ್ಲಿಸ್, ಏಟಿಗೆ ಏನೂ ಆಗಿಲ್ಲ. ಬುರುಡೆ ಭಾರಿ ಗಟ್ಟಿ."

"ಅದಕ್ಕೆ ಇಷ್ಟು ದೂರ ಬರ್ಬೇಕಿತ್ತಾ? ಇವನ್ನ ಕೇಳಿದ್ರೆ ಹೇಳ್ತಿದ್ದ" ಎಂದಳು ರೇಲೀನ್.

"ಆದ್ರೆ ಒಳಗಡೆ ಬೇರೆ ಏನೋ ಕಾಣಿಸ್ತಿದೆ. ಏಟಿಗೂ ಇದಕ್ಕೂ ಸಂಬಂಧ ಇಲ್ಲ. ಮೊದಲಿಂದ್ಲೂ ಇದ್ದಿರಬೇಕು." ಡಾಕ್ಟರು ಚಿತ್ರದ ಮೇಲೆ ಬೆರಳಿಟ್ಟಳು. "ಸೈಕಲ್ ಟ್ಯೂಬು ಸವೆದ ಜಾಗದಲ್ಲಿ ಉಬ್ಕೊಳ್ಳತ್ತಲ್ಲ, ಹಾಗೆ ಮಿದುಳಿನ ಬುಡದ ರಕ್ತನಾಳ ಇಲ್ಲಿ ಉಬ್ಬಿದೆ. ಒಡೆದ್ರೆ ಕಷ್ಟ. ಒಡೆದೋರಲ್ಲಿ ಸುಮಾರು ಜನ ಆಸ್ಪತ್ರೆ ತನಕಾನೂ ಬರಲ್ಲ. ನಿಮಗೆ ದ್ವೀಪದಿಂದ ಬರ್ಬೇಕಾದ್ರೆ ಇನ್ನೂ ದೂರ."

ನೆವ್ ಮೊಣಕಾಲ ಮೇಲಿದ್ದ ಟೋಪಿಯನ್ನು ತಿರುಗಿಸತೊಡಗಿದ.

"ಸಾಮಾನ್ಯವಾಗಿ ಆ ಉಬ್ಬಿನೊಳಗೆ ಪ್ಲಾಟಿನಂ ತಂತಿ ಸುರುಳಿ ಸುತ್ತಿ ತುಂಬ್ತೀವಿ" ಎಂದು ಡಾಕ್ಟರು ಮುಂದುವರಿಸಿದಳು. "ಆದ್ರೆ ನಿಮ್ಮದು ಬಾಯಿ ಅಗಲ. ತಂತಿ ಒಳಗೆ ನಿಲ್ಲಲ್ಲ."

ಬಾಯಿ ಅಗಲವೆಂಬುದು ದ್ವೀಪಕ್ಕೆಲ್ಲ ಗೊತ್ತಿದ್ದ ಸಂಗತಿ. ಅದು ವೈದ್ಯಶಾಸ್ತ್ರದಲ್ಲೂ ದಾಖಲಾಯಿತಲ್ಲ ಎಂದು ನೆವ್‌ಗೆ ಅಂಥ ಹೊತ್ತಿನಲ್ಲೂ ಅನ್ನಿಸಿತು.

"ಹೊಸದೊಂದು ಪ್ರಯೋಗದಲ್ಲಿದೆ. ತೊಡೆಯ ಹತ್ತಿರದ ನಾಳದಿಂದ ಸಣ್ಣ ಕೊಳವೆ ಮೇಲಕ್ಕೆ ಬಿಟ್ಟು, ಉಬ್ಬಿನ ಬಾಯಿಗೆ ಪುಟ್ಟ ಬಲೂನು ಅಡ್ಡ ಇಟ್ಟು, ಒಳಗೆ ಒಂಥರಾ ತೆಳು ಅಂಟು ಬಿಡ್ತೀವಿ. ಸುಣ್ಣದಂಶದ ಇನ್ನೊಂದು ದ್ರವ ತಾಗಿದ ತಕ್ಷಣ ಅದು ಜೆಲ್ಲಿ ಥರ ಗಟ್ಟಿಯಾಗತ್ತೆ. ಉಬ್ಬು ಭರ್ತಿ. ರಕ್ತ ಅದರೊಳಗೆ ಹೋಗಲ್ಲ. ತಲೆ ತೆರೆಯೋದೂ ಬೇಕಾಗಲ್ಲ."

"ಅಂಟು ಅಂದ್ರೆ ಯಾವ್ದರದ್ದು?"

"ನಿಮಗೆ ನಗು ಬರಬಹುದು. ಕಡಲಸೊಪ್ಪಿಂದು."

ರೇಲೀನ್ ನಗಲಿಲ್ಲ. ಮಂಚದಲ್ಲಿ ನೆಟ್ಟಗೆ ಕುಳಿತಳು. ನೆವ್‌ನ ಕಡೆ ತಿರುಗಿ, ಎಷ್ಟೋ ಮದುವೆಗಳಲ್ಲಿ ಹೇಳಿದ್ದ ಆ ಎರಡಕ್ಷರವನ್ನು ಪೂಜೆಯ ಮಂತ್ರದಂತೆ ಬಿಡಿಸಿ ಹೇಳಿದಳು. "ನಂ. ದು."

ಒಡೆಯಬಹುದಾದ ರಕ್ತನಾಳದ ಮಾತು ಅಲ್ಲಿಗೆ ಎಲ್ಲರಿಗೂ ಮರೆತುಹೋಯಿತು. ಆಸ್ಪತ್ರೆಯಿಂದಲೇ ದ್ವೀಪದ ಪಬ್ಬಿಗೆ ಫೋನು ಹೋಯಿತು. "ಲಾಫ್ಟಿ, ಐಸ್‌ಕ್ರೀಮು ಬಿಟ್ಹಾಕು. ಈಗ ಮಿದುಳಿಗೇ ಹಾಕ್ತಾರಂತೆ ನನ್ ಸೊಪ್ಪನ್ನ!" ಅದಕ್ಕೆ ಲಾಫ್ಟಿ, "ಸದ್ಯ, ಖಾಲಿ ಜಾಗ ತುಂಬ್ತಲ್ಲ" ಎಂದನಂತೆ. ಅವಳು ಮಂಚದ ಮೇಲೆ ಕುಳಿತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಕೆಟ್ಟದ್ದೆಂದರೆ ಹುಟ್ಟುಗುಣ. ಮಾರನೆಯ ಬೆಳಿಗ್ಗೆ ಅವಳು ಡಾಕ್ಟರನ್ನು ಕರೆದು, "ಪೊಟ್ಟಣ ತೋರ್ಸಮ್ಮ" ಎಂದಳು. ಪೊಟ್ಟಣ ಬಂತು. ಕನ್ನಡಕ ಏರಿಸಿ, ಮಗುಚಿ ಹಿಡಿದು ಹಿಂಬದಿ ಓದಿದಳು. ಇನ್ನೊಮ್ಮೆ ಓದಿದಳು.

"ನಾರ್ವೆ?"

"ಹೌದು, ಅಲ್ಲಿಂದ ಬರತ್ತೆ. ತುಂಬಾ ಶುದ್ಧವಾದದ್ದು."

"ನಾರ್ವೇಲಿ ಸೊಪ್ಪು ಹೇಗೆ ತೆಗೀತಾರೆ?"

ಡಾಕ್ಟರು ತಿಳಿದಷ್ಟು ಹೇಳಿದಳು. "ದೋಣಿಯಿಂದ ದೊಡ್ಡ ಬಾಚಣಿಗೆ ಥರದ್ದನ್ನ ಕಡಲ ತಳಕ್ಕೆ ಬಿಟ್ಟು ಕೀಳ್ತಾರಂತೆ."

"ಬದುಕಿರೋದನ್ನ?"

"ಹಾಗಂತ ಕಾಣತ್ತೆ."

ದ್ವೀಪದಲ್ಲಿ ಸೊಪ್ಪೆಳೆಯುವವರಿಗೆ ಇರುವುದು ಒಂದೇ ಧರ್ಮ. ಕಡಲು ಎಸೆದದ್ದನ್ನು ತೆಗೆದುಕೋ, ಕಡಲಿನಿಂದ ಕಿತ್ತುಕೊಳ್ಳಬೇಡ. ರೇಲೀನಳ ಅಪ್ಪ ಇದನ್ನು ಅವಳಿಗೆ ನಡೆಯಲು ಬರುವ ಮೊದಲೇ ಕಲಿಸಿದ್ದ. ಸೊಪ್ಪಿಲ್ಲದ ವರ್ಷಗಳಲ್ಲಿ ಆಲೂಗಡ್ಡೆ ತಿಂದುಕೊಂಡು ಇದ್ದವರುಂಟು, ಬಂಡೆಗಂಟಿ ಬೆಳೆಯುವ ಸೊಪ್ಪಿನ ಮೇಲೆ ಕತ್ತಿ ಹಿಡಿದು ಹೋದವರಿಲ್ಲ. ಅವಳು ಪೊಟ್ಟಣವನ್ನು ಎರಡು ಬೆರಳಲ್ಲಿ ಹಿಡಿದು, ಸತ್ತ ಇಲಿಯನ್ನು ಕೊಡುವಂತೆ ಡಾಕ್ಟರಿಗೆ ಹಿಂದಿರುಗಿಸಿದಳು.

"ಕದ್ದ ಸೊಪ್ಪು ನನ್ ತಲೆಗೆ ಬೇಡ. ನೆವ್, ಬೂಟ್ಸ್ ಕೊಡು."

ಡಾಕ್ಟರು ಇದು ದ್ವೀಪದವರ ಹಾಸ್ಯವೆಂದು ನಕ್ಕಳು. ನೆವ್ ನಗಲಿಲ್ಲ. ಬೂಟ್ಸ್ ಕೊಟ್ಟ.

ವಿಮಾನ ಏರುವಾಗ ರೇಲೀನ್ ಅವನ ಕೈ ಹಿಡಿದುಕೊಂಡಳು. ಬಿರುಗಾಳಿಯಲ್ಲಿ ದೋಣಿ ಮಗುಚಿದಾಗಲೂ ಹಿಡಿದವಳಲ್ಲ. ಆಗ ನೆವ್‌ಗೆ ಅರ್ಥವಾಯಿತು. ನಾರ್ವೆ ಬರೀ ನೆವ. ಅವಳು ಹೆದರಿದ್ದಾಳೆ. ತೊಡೆಯಿಂದ ಮಿದುಳಿಗೆ ಕೊಳವೆ ಬಿಡುತ್ತಾರೆಂದರೆ ಯಾರಿಗೆ ಹೆದರಿಕೆಯಾಗುವುದಿಲ್ಲ? ಆದರೆ ಕೇಳುವುದು ಹೇಗೆ? ಹೆದರಿಕೆಯೇನೇ ಎಂದರೆ ಪರವಾಗಿಲ್ಲ ಎನ್ನುತ್ತಾಳೆ. ಅದಕ್ಕೆ ಮರುಮಾತು ದ್ವೀಪದ ಭಾಷೆಯಲ್ಲಿ ಇನ್ನೂ ಹುಟ್ಟಿಲ್ಲ.

ಊರಿಗೆ ಬಂದ ಮೇಲೆ ಕೇಳಿದವರಿಗೆಲ್ಲ ಪರವಾಗಿಲ್ಲ ಎಂದಳು. ಊರು ನಂಬಿತು. ಪಬ್ಬಿನಲ್ಲಿ ಲಾಫ್ಟಿ, "ಏನಮ್ಮ, ನಾಡಸೊಪ್ಪು ಸಿಕ್ಕಿಲ್ಲಾಂತ ತಲೇನ ಖಾಲಿ ಬಿಟ್ಕೊಂಡೇ ಬಂದ್ಯಂತೆ?" ಎಂದ. ಎಲ್ಲರೂ ನಕ್ಕರು. ಅವಳೂ ನಕ್ಕು, ಕದ್ದ ಸೊಪ್ಪಿನ ಕಥೆಗೆ ದಿನಕ್ಕೊಂದು ರೆಕ್ಕೆ ಕಟ್ಟಿದಳು. ಕಡೆಕಡೆಗೆ ನಾರ್ವೆಯವರು ಕಡಲ ತಳವನ್ನು ಬೋಳು ಮಾಡಿ ಮೀನುಗಳಿಗೆ ಮಲಗಲು ಚಾಪೆಯಿಲ್ಲದಂತೆ ಮಾಡಿದ್ದರು.

ಡಾಕ್ಟರ್ ಪಪ್ಪಸ್ ಫೋನು ಮಾಡುತ್ತಿದ್ದಳು. ರೇಲೀನ್ ಎತ್ತುತ್ತಿರಲಿಲ್ಲ. ನೆವ್ ಎತ್ತಿ, "ಕೇಳ್ತೀನಿ" ಎಂದು ಇಡುತ್ತಿದ್ದ. ಕೇಳುತ್ತಿರಲಿಲ್ಲ. ಬೇಲಿಯ ಕೆಲಸಗಳನ್ನೆಲ್ಲ ಮುಂದೂಡಿ, ಫ್ಲಾಸ್ಕಿನಲ್ಲಿ ಟೀ ತುಂಬಿಕೊಂಡು ಅವಳ ಹಿಂದೆ ದಂಡೆಗೆ ಹೋಗತೊಡಗಿದ. ಅವಳು ಬಾಗಿದರೆ ಇವನು ಎರಡು ಹೆಜ್ಜೆ ಮುಂದೆ ಬರುತ್ತಿದ್ದ. ರಾಟೆ ತಿರುಗಿಸಲು ಬಲ ಹಾಕಿದರೆ ಆ ಸವೆದ ಟ್ಯೂಬು ಕಣ್ಣ ಮುಂದೆ ಬರುತ್ತಿತ್ತು. ಮೂವತ್ತು ಚಿಲ್ಲರೆ ವರ್ಷ ಇವಳು ಮಾತು ನಿಲ್ಲಿಸಿದರೆ ಸಾಕಪ್ಪ ಎಂದುಕೊಂಡವನು ಈಗ ಅವಳು ಒಂದು ಗಳಿಗೆ ಸುಮ್ಮನಾದರೂ ಓಡಿಬಂದು ಮುಖ ನೋಡುತ್ತಿದ್ದ.

"ಏನೋ ಇದು, ನಾಯಿಮರಿ ಥರ ಹಿಂದೆ ಹಿಂದೆ? ಬೇಲಿ ಇಲ್ವಾ ನಿಂಗೆ?"

"ಇವತ್ತಿಲ್ಲ."

"ನಿನ್ನೇನೂ ಇರ್ಲಿಲ್ಲ."

"ಹೂಂ."

ಅಂಥದೊಂದು ಬೆಳಿಗ್ಗೆ, ಬಿರುಗಾಳಿ ಬಿಟ್ಟುಹೋದ ಸೊಪ್ಪು ಸೊಂಟದೆತ್ತರ ರಾಶಿ ಬಿದ್ದಿದ್ದಾಗ, ರೇಲೀನ್ ಹಗ್ಗ ಬಿಗಿಯುತ್ತಿದ್ದವಳು ಹಾಗೇ ಸೊಪ್ಪಿನ ಮೇಲೆ ಕುಳಿತಳು. ಕೈ ತಲೆಯ ಹಿಂಬದಿಗೆ ಹೋಯಿತು. ನೆವ್ ಫ್ಲಾಸ್ಕು ಎಸೆದು ಓಡಿಬಂದ. ಅವಳ ಬಾಯಿಂದ ಯಾವ ಪರವಾಗಿಲ್ಲ ಬರುತ್ತದೋ, ಅದರಲ್ಲಿ ಉಸಿರು ನಿಂತಿರುತ್ತದೋ ಇಲ್ಲವೋ ಎಂದು ಕಿವಿಗೊಟ್ಟ.

"ನೆವ್" ಎಂದಳು ಅವಳು. "ಚೆನ್ನಾಗಿಲ್ಲ ಕಣೋ."

ಈ ಮಾತನ್ನು ಅವನು ಅವಳ ಬಾಯಲ್ಲಿ ಹಿಂದೆಂದೂ ಕೇಳಿರಲಿಲ್ಲ. ಇಡೀ ದ್ವೀಪದಲ್ಲೇ ಯಾರ ಬಾಯಲ್ಲೂ ಕೇಳಿದ ನೆನಪಿರಲಿಲ್ಲ. ಫೋನಿನಲ್ಲಿ ನರ್ಸಿಗೆ ಅವನು ಬೇರೇನೂ ವಿವರಿಸಲಿಲ್ಲ. "ರೇಲೀನ್ ಚೆನ್ನಾಗಿಲ್ಲ ಅಂತ ಹೇಳ್ತಿದಾಳೆ" ಎಂದಷ್ಟೇ ಹೇಳಿದ. ನರ್ಸು ದ್ವೀಪದವಳು. ಮರುಪ್ರಶ್ನೆ ಕೇಳದೆ ವಿಮಾನ ಕರೆಸಿದಳು.

ಆಸ್ಪತ್ರೆಯವರು ದ್ವೀಪದವರಲ್ಲವಲ್ಲ. ಬಾಗಿಲಲ್ಲೇ ಒಬ್ಬ ಹುಡುಗ ಡಾಕ್ಟರು ಕೇಳಿದ, "ನೋವು ಹತ್ತಕ್ಕೆ ಎಷ್ಟಿದೆಯಮ್ಮ? ಹತ್ತು ಅಂದ್ರೆ ಪ್ರಪಂಚದಲ್ಲೇ ಜೋರು."

ರೇಲೀನ್ ಕಣ್ಣು ಮುಚ್ಚಿಕೊಂಡೇ ಲೆಕ್ಕ ಹಾಕಿ ಹೇಳಿದಳು, "ಎರಡು."

ಹುಡುಗ ಎರಡು ಎಂದು ಬರೆದುಕೊಂಡು, ಮಂಚವನ್ನು ಗೋಡೆಯ ಪಕ್ಕಕ್ಕೆ ಸರಿಸಲು ಹೇಳಿ, ಕೈ ತರಚಿಕೊಂಡು ಊಳಿಡುತ್ತಿದ್ದ ಇನ್ನೊಬ್ಬನ ಕಡೆ ಹೊರಟ. ಅಲ್ಲಿ ನೆವಿಲ್ ಟಾಪ್ಲಿಸ್ ತನ್ನ ಬಾಳಿನ ಅತಿ ಉದ್ದದ ಭಾಷಣ ಮಾಡಿದ.

"ಏಯ್ ಮರಿ, ನಿಂತ್ಕೋ. ಅವಳ ಎರಡು ನಿಮ್ಮ ಎರಡಲ್ಲ. ಬೆರಳು ಕತ್ತರಿಸಿ ಹೋದಾಗ ಸೊನ್ನೆ ಅಂದೋಳು ಇವಳು. ಟೀಗಿಡು ಅಂದ್ಲು, ಟೀಗೆ. ನಾನು ಇಟ್ಟೆ. ಇವತ್ತು ಚೆನ್ನಾಗಿಲ್ಲ ಅಂದಿದಾಳೆ. ಮದ್ವೆ ಆದಾಗಿಂದ ಮೊದಲನೇ ಸಲ ಅಂದಿದಾಳೆ. ಎರಡಂತೆ! ಆ ಪಪ್ಪಸ್ ಡಾಕ್ಟ್ರನ್ನ ಕರಿ. ಈಗ್ಲೇ ಕರಿ. ಇಲ್ದಿದ್ರೆ ನಾನು ಇಲ್ಲೇ ಊಳಿಡ್ತೀನಿ, ಅವನಿಗಿಂತ ಜೋರಾಗಿ."

ಪಪ್ಪಸ್ ಬಂದಳು. ಚಿತ್ರ ತೆಗೆದಳು. ಉಬ್ಬು ಒಂದು ತೊಟ್ಟು ರಕ್ತ ಒಸರಿ, ಪುಣ್ಯಕ್ಕೆ ತಾನಾಗಿ ನಿಂತಿತ್ತು. ಇನ್ನೊಂದು ಸಲ ಒಸರಿದರೆ ನಿಲ್ಲುವ ಭರವಸೆಯಿಲ್ಲ ಎಂದಳು. "ಈಗ್ಲೇ ಮಾಡ್ಬೇಕು. ಜೆಲ್ ಸಿದ್ಧ ಇದೆ. ಆದ್ರೆ ಅವರಿಗೆ ಪ್ರಜ್ಞೆ ಇದೆ, ಒಪ್ಪಿಗೆ ಅವರೇ ಕೊಡ್ಬೇಕು. ನಾನು ಕೋಣೆ ಸಿದ್ಧ ಮಾಡಿಸಿ ಬರ್ತೀನಿ, ಅಷ್ಟರಲ್ಲಿ ಮಾತಾಡಿ."

ನೆವ್ ಮಂಚದ ಪಕ್ಕ ಕುಳಿತ. ರೇಲೀನಳ ಮುಖ ಸುಣ್ಣದಂತಾಗಿತ್ತು. ಕೂದಲಲ್ಲಿ ಇನ್ನೂ ಮರಳಿತ್ತು, ಸೊಪ್ಪಿನ ವಾಸನೆಯಿತ್ತು. ಅವಳು ಕಣ್ಣು ತೆರೆಯದೆ ಕೇಳಿದಳು, "ಯಾರ್ ಸೊಪ್ಪೋ?"

ಆ ಹೆಂಗಸಿನ ಹಟದ ಮೇಲೆ ಅವನಿಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಸಾಯುವ ಹೊತ್ತಿನಲ್ಲೂ ಡಬ್ಬಿ ಮಗುಚುತ್ತಾಳಲ್ಲ ಎಂದು ಅನ್ನಿಸಿತು. ಸಾಯುವ ಹೊತ್ತು ಎಂಬ ಮಾತು ಮನಸ್ಸಿಗೆ ಬಂದೊಡನೆ ಸಿಟ್ಟು ಇಳಿದುಹೋಯಿತು. ಇವಳಿಲ್ಲದ ಮನೆಯಲ್ಲಿ ಟೀಗಿಟ್ಟು ಯಾರಿಗೆ ಕೊಡುವುದು?

"ನಮ್ದೇ" ಎಂದ.

ಅವಳು ಒಂದು ಕಣ್ಣು ತೆರೆದಳು.

"ನಾನೇ ವಿಚಾರಿಸ್ದೆ. ಹೋದ್ಸಲ ನೀನು ಗಲಾಟೆ ಮಾಡಿದ್ಯಲ್ಲ, ಅದಕ್ಕೇ ಬದಲಾಯಿಸಿದಾರೆ. ಸ್ಕಾಟ್ಲೆಂಡಿಂದ ತರ್ಸಿದಾರೆ, ನಮ್ ದ್ವೀಪದ್ದು. ನಮ್ಮ ದಂಡೇದೇ ಇರ್ಬಹುದು, ಯಾರಿಗ್ ಗೊತ್ತು." ಸುಳ್ಳು ಹೇಳಿ ಅಭ್ಯಾಸವಿಲ್ಲದವನಿಗೆ ಎಲ್ಲಿ ನಿಲ್ಲಿಸಬೇಕೆಂದು ತಿಳಿಯಲಿಲ್ಲ. "ಲಾಫ್ಟಿ ದಂಡೇದಲ್ಲ. ಅದನ್ನೂ ಕೇಳ್ದೆ."

ರೇಲೀನ್ ಅವನನ್ನೇ ನೋಡಿದಳು. ಬೇಲಿ ಓರೆಯಾದರೆ ಓರೆಯಾಯಿತು ಎನ್ನುವ ಗಂಡ. "ಹಾಗಾದ್ರೆ ಸರಿ" ಎಂದು ಕಣ್ಣು ಮುಚ್ಚಿದಳು. ಡಾಕ್ಟರು ಬಂದು ಎಲ್ಲವನ್ನೂ ಮತ್ತೆ ವಿವರಿಸಿ, "ಈ ಸಲ ಏನೂ ತಕರಾರಿಲ್ವಾ?" ಎಂದಾಗ, "ಇಲ್ಲ. ಇವನು ವಿಚಾರಿಸಿದಾನೆ" ಎಂದು ಸಹಿ ಹಾಕಿದಳು. ಏನು ವಿಚಾರಿಸಿದ್ದಾನೆಂದು ಕೇಳುವಷ್ಟು ಪುರುಸೊತ್ತು ಡಾಕ್ಟರಿಗಿರಲಿಲ್ಲ.

ಕೋಣೆಯ ಬಾಗಿಲು ಮುಚ್ಚಿದ ಮೇಲೆ ನೆವ್ ಹೊರಗಿನ ಬೆಂಚಿನ ಮೇಲೆ ಟೋಪಿ ತಿರುಗಿಸುತ್ತ ಕುಳಿತ. ಅವಳು ಬದುಕಿ ಬಾರದಿದ್ದರೆ ತಾನು ಅವಳಿಗಾಡಿದ ಕೊನೆಯ ಮಾತು ಸುಳ್ಳಾಗುತ್ತದೆ. ಬದುಕಿ ಬಂದರೆ ಆ ಸುಳ್ಳಿನ ಜೊತೆ ಬಾಳುವೆ ಮಾಡಬೇಕು. ಎರಡನೆಯದೇ ಆಗಲಿ ದೇವರೇ ಎಂದು, ಚರ್ಚಿಗೆ ಹೋಗದವನು ಬೇಡಿಕೊಂಡ.

ಎರಡನೆಯದೇ ಆಯಿತು. ನಾರ್ವೆಯ ಸೊಪ್ಪು ರೇಲೀನಳ ಮಿದುಳಿನ ಬುಡದಲ್ಲಿ ಸೊಗಸಾಗಿ ಗಟ್ಟಿಯಾಗಿ, ಅಚ್ಚಿನಂತೆ ಕುಳಿತಿತು. ಹಲ್ಲಿನ ಡಾಕ್ಟರಿಗೆ ಮೂರು ಸಲಕ್ಕೂ ಆಗದ ಅಚ್ಚು ಪಪ್ಪಸ್‌ಗೆ ಒಂದೇ ಸಲಕ್ಕೆ ಬಂತು. ರೇಲೀನಳಿಗೆ ಅಷ್ಟು ಹೊತ್ತು ಮಾತಾಡದಂತೆ ಅರಿವಳಿಕೆ ಕೊಟ್ಟಿದ್ದರು.

ದ್ವೀಪಕ್ಕೆ ಮರಳಿದವಳನ್ನು ಇನ್ನು ಹಿಡಿಯುವವರುಂಟೇ! ಐಸ್‌ಕ್ರೀಮಿನ ಡಬ್ಬಿ ಮಗುಚುವುದನ್ನು ಬಿಟ್ಟಳು. ಯಾರಾದರೂ ಎದುರಾದರೆ ತೋರುಬೆರಳಿನಿಂದ ತನ್ನ ನೆತ್ತಿಯನ್ನು ಟಕಟಕ ಬಡಿದು, "ನಂದು" ಎನ್ನುತ್ತಿದ್ದಳು. ಪಾದ್ರಿಗೆ ಹೇಳಿದಳು. ಹಾಲಿನ ಲಾರಿಯವನಿಗೆ ಹೇಳಿದಳು. ಶಾಲೆಯಲ್ಲಿ ಮಕ್ಕಳನ್ನು ಕೂರಿಸಿಕೊಂಡು, ಕಡಲು ಕೊಟ್ಟದ್ದನ್ನು ಮರ್ಯಾದೆಯಿಂದ ತೆಗೆದುಕೊಂಡರೆ ಅದು ಒಂದು ದಿನ ನಿಮ್ಮ ತಲೆ ಕಾಯುತ್ತದೆ ಎಂದು ಉಪದೇಶ ಮಾಡಿದಳು. ಪಕ್ಕದಲ್ಲಿ ನಿಂತ ನೆವ್ ತನ್ನ ಬೂಟುಗಳನ್ನು ನೋಡುತ್ತಿದ್ದ.

ಸುಳ್ಳು ಅವನ ಹೊಟ್ಟೆಯಲ್ಲಿ ಅರಗಲಿಲ್ಲ. ಒಂದು ಮಧ್ಯಾಹ್ನ ಲಾಫ್ಟಿಯ ಬೇಲಿ ರಿಪೇರಿ ಮಾಡುತ್ತಿದ್ದಾಗ ತಡೆಯಲಾರದೆ ಹೇಳಿಬಿಟ್ಟ. ಯಾರಿಗೂ ಹೇಳ್ಬೇಡ ಮಾರಾಯ ಎಂದ. ಲಾಫ್ಟಿ ಎದೆ ಮುಟ್ಟಿ ಆಣೆಯಿಟ್ಟ. ಸಂಜೆಯ ಹೊತ್ತಿಗೆ ಪಬ್ಬಿಗೆ ಗೊತ್ತಾಯಿತು, ಮಾರನೆಯ ದಿನ ದ್ವೀಪದ ಹಸುಗಳಿಗೂ ಗೊತ್ತಾಯಿತು. ರೇಲೀನಳಿಗೆ ಮಾತ್ರ ಯಾರೂ ಹೇಳಲಿಲ್ಲ. ಬಸುರಿಗೆ ತಿಳಿಯುವ ಮೊದಲೇ ಬಸಿರಿನ ಸುದ್ದಿ ಹರಡುವ ಊರದು. ಹೆಣದ ಎದುರೂ ಹಾಸ್ಯ ಬಿಡದ ಜನ. ಅವರೆಲ್ಲ ಅವಳು ನೆತ್ತಿ ಬಡಿದುಕೊಂಡಾಗ ಗಂಭೀರವಾಗಿ ತಲೆದೂಗಿದರು. ಕೆಣಕುವುದನ್ನೇ ಕಸುಬು ಮಾಡಿಕೊಂಡಿದ್ದ ಲಾಫ್ಟಿ, ನಾಲಿಗೆಯ ತುದಿಗೆ ನಾರ್ವೆ ಬಂದಾಗಲೆಲ್ಲ ಬಿಯರಿನಿಂದ ಒಳಕ್ಕೆ ತಳ್ಳಿ, "ಭಾರಿ ಸೊಪ್ಪು ರೇಲೀನ್ ನಿಂದು" ಎನ್ನುತ್ತಿದ್ದ. ಇಂಥ ಊರಿಗೆ ಇಂಥ ಹೃದಯ ಎಲ್ಲಿತ್ತೋ, ಇಷ್ಟು ವರ್ಷ ಇದ್ದೂ ನನಗೆ ಗೊತ್ತಿರಲಿಲ್ಲ.

ಬೇಸಿಗೆಯಲ್ಲಿ ಮರುಪರೀಕ್ಷೆಯ ಚಿತ್ರ ತೆಗೆಸಿಕೊಂಡು ಬಂದರು. ಫಲಿತಾಂಶ ಹೇಳಲು ಡಾಕ್ಟರ್ ಪಪ್ಪಸ್ ಊರ ಆಸ್ಪತ್ರೆಯ ಟಿ.ವಿ. ಪರದೆಯ ಮೇಲೆ ಮೂಡಿದಳು. ಗಂಡ ಹೆಂಡತಿ ಪಕ್ಕಪಕ್ಕ ಕುಳಿತಿದ್ದರು. ನರ್ಸು ಬಾಗಿಲಲ್ಲಿ ನಿಂತಿದ್ದಳು.

"ಬಹಳ ಚೆನ್ನಾಗಿದೆ ಮಿಸೆಸ್ ಟಾಪ್ಲಿಸ್! ಉಬ್ಬು ಪೂರ್ತಿ ಮುಚ್ಚಿದೆ. ಇಷ್ಟು ಅಂದವಾಗಿ ಕೂತಿದ್ದು ನಾನೂ ನೋಡಿಲ್ಲ" ಎಂದು ಡಾಕ್ಟರು ಸಂಭ್ರಮದಿಂದ ಹೇಳಿದಳು. "ನಾರ್ವೆಯವರಿಗಂತೂ ಖುಷಿಯೋ ಖುಷಿ. ಅವರ ಸೊಪ್ಪಿಗೆ ಇದೇ ಒಳ್ಳೇ ಜಾಹೀರಾತು ಅಂತಿದಾರೆ."

ನರ್ಸು ಬಾಗಿಲಿನಿಂದ ಮಾಯವಾದಳು. ರೇಲೀನ್ ನಿಧಾನವಾಗಿ ಕುತ್ತಿಗೆ ತಿರುಗಿಸಿ ಗಂಡನನ್ನು ನೋಡಿದಳು. ನೆವ್ ಬೂಟು ನೋಡಿದ. ಅವಳ ತಲೆಯೊಳಗಿನ ಅಂಟು ಗಟ್ಟಿಯಾಗಿರಲಪ್ಪ, ರಕ್ತದ ಒತ್ತಡ ಈಗ ಎಷ್ಟಿದೆಯೋ ಎಂದು ಅವನಿಗೆ ಹೆದರಿಕೆಯಾಯಿತು.

"ಮಿಸೆಸ್ ಟಾಪ್ಲಿಸ್, ಕೇಳಿಸ್ತಿದ್ಯಾ? ನಿಮಗೆ ಹೇಗಿದೆ ಈಗ?"

"ಪರವಾಗಿಲ್ಲ" ಎಂದಳು ರೇಲೀನ್.

ಇಷ್ಟು ವರ್ಷದ ಪಂಡಿತನಿಗೆ ಆ ಪರವಾಗಿಲ್ಲದ ತಲೆಬುಡ ತಿಳಿಯಲಿಲ್ಲ. ಅದು ಚಿಕ್ಕದೂ ಆಗಿರಲಿಲ್ಲ, ಎಳೆದೂ ಇರಲಿಲ್ಲ, ಉಸಿರೂ ನಿಂತಿರಲಿಲ್ಲ.

ದಂಡೆಯವರೆಗೆ ಲಾರಿ ಓಡಿಸಿದವಳು ಅವಳೇ. ಎದುರು ಬಂದ ಲಾಫ್ಟಿ ಕೈಬೀಸಿದ. ಅವಳು ನೆತ್ತಿ ಬಡಿದು ತೋರಿಸಲಿಲ್ಲ. ಲಾಫ್ಟಿಯ ಕೈ ಅರ್ಧಕ್ಕೇ ನಿಂತದ್ದನ್ನು ನೆವ್ ಕನ್ನಡಿಯಲ್ಲಿ ನೋಡಿದ.

ಮರಳಿನ ಮೇಲೆ ಲಾರಿ ನಿಲ್ಲಿಸಿ ಅವಳು ಹಗ್ಗ ಬಿಚ್ಚಿದಳು. ಒಂದು ತುದಿಯನ್ನು ಅವನ ಕೈಗೆ ಕೊಟ್ಟಳು. ಕಾಂಡಗಳಿಗೆ ಒಂದೊಂದಾಗಿ ಗಂಟು ಹಾಕುತ್ತ, ತಲೆ ಎತ್ತದೆ ಕೇಳಿದಳು.

"ಊರಿಗೆ ಗೊತ್ತಾ?"

"ಹೂಂ."

"ಎಲ್ರಿಗೂ?"

"ಲಾಫ್ಟಿಗೆ ಹೇಳಿದ್ದೆ."

"ಅಂದ್ರೆ ಎಲ್ರಿಗೂ." ಅವಳು ಇನ್ನೊಂದು ಗಂಟು ಬಿಗಿದಳು. "ಶಾಲೆ ಮಕ್ಕಳಿಗೆ ಪಾಠ ಬೇರೆ ಮಾಡ್ದೆ ನಾನು. ನೀನು ಪಕ್ಕದಲ್ಲೇ ನಿಂತಿದ್ದೆ."

"ನಿಂತಿದ್ದೆ."

"ಯಾಕೋ ಸುಳ್ಳು ಹೇಳ್ದೆ?"

ಅವನು ನೆಲದ ಮೇಲೆ ಹಾಕಲಿಲ್ಲ, ಗಾಳಿಯ ಮೇಲೆ ಹಾಕಲಿಲ್ಲ. "ನೀನು ಸತ್ತೋಗ್ತೀಯ ಅಂತ ಹೆದರಿಕೆ ಆಯ್ತು" ಎಂದ.

ರೇಲೀನ್ ಹಗ್ಗ ಬಿಟ್ಟು ನೆಟ್ಟಗಾದಳು. ಕಡಲ ಕಡೆ ನೋಡಿದಳು. "ನಂಗೂ" ಎಂದಳು. ಆಮೇಲೆ ಹಗ್ಗವನ್ನು ಮತ್ತೆ ಕೈಗೆತ್ತಿಕೊಂಡು, "ನಾರ್ವೆಯವರದ್ದೂ ಪರವಾಗಿಲ್ಲ."

"ಮತ್ತೆ ನಾನು ಮಾಡಿದ್ದು?"

"ಪರವಾಗಿಲ್ಲ."

ಮದುವೆ ಕೇಳಿದ ಸಂಜೆಯಂತೆ ಅವನು ಮತ್ತೆ ದಿಕ್ಕು ತೋಚದೆ ನಿಂತ. ಈ ಸಲ ವಾರವಿಡೀ ಒದ್ದಾಡುವ ತಾಳ್ಮೆ ಇರಲಿಲ್ಲ. ಆಸ್ಪತ್ರೆಯಲ್ಲಿ ಕಲಿತದ್ದನ್ನು ಕೇಳಿಯೇಬಿಟ್ಟ.

"ಹತ್ತಕ್ಕೆ ಎಷ್ಟು ನೋವು?"

ರೇಲೀನ್ ಕಣ್ಣು ಮುಚ್ಚಿ ಲೆಕ್ಕ ಹಾಕಿದಳು. "ಎರಡು" ಎಂದಳು.

ಅವಳ ಎರಡೆಂದರೆ ಎಷ್ಟೆಂದು ಬಲ್ಲ ನೆವ್ ಆ ಕಡೆ ತಿರುಗಿ ತೋಳಿನಿಂದ ಮುಖ ಒರೆಸಿಕೊಂಡ.

"ಏನೋ ಅದು?"

"ಗಾಳಿ. ಕಣ್ಣಿಗೆ ಮರಳು ಬಿತ್ತು."

ಕಂಬದ ಮೇಲೆ ಒಣಹಾಕಿದ್ದ ಸೊಪ್ಪಿನ ಒಂದೆಲೆಯೂ ಅಲುಗುತ್ತಿರಲಿಲ್ಲ. ನೆವ ಹೇಳಿ ಗೊತ್ತಿಲ್ಲದ ಮನುಷ್ಯ ಮೊದಲನೆಯ ನೆವ ಹೇಳಿದ್ದ, ಅದೂ ನೆಟ್ಟಗೆ ಬರಲಿಲ್ಲ. ರೇಲೀನ್ ಅವನಿಗೆ ಸೊಪ್ಪು ಹಾಕದೆ ರಾಟೆ ತಿರುಗಿಸಿದಳು.